ಸತ್ತವರಿಗೂ ಒಂದು ಚೌಕ

ಆಕೆ ಹಳದಿ ಸೀರೆ ಉಟ್ಟಿದ್ದರೋ, ಅದು ನನ್ನ ನೆನಪು ಬಳಿದ ಬಣ್ಣವೋ, ತಿಳಿಯದು. ಅಪರೂಪದ ವಂಶವಾಹಿ ಕಾಯಿಲೆಗಳಿಗೆ ಚಿಕಿತ್ಸೆ ಹುಡುಕುತ್ತಿದ್ದ ವಿಜ್ಞಾನಿ. ನನ್ನ ತಮ್ಮನ ಕಾಲುಗಳು ಸೋಲತೊಡಗಿದಾಗ ಕೊಳಾಲದ ನಮ್ಮ ಮನೆಗೆ ಬಂದು, ಜಗಲಿಯಲ್ಲಿ ಕೂತು ವಂಶದ ನಕ್ಷೆ ಬರೆದರು: ಹೆಣ್ಣಿಗೆ ಸೊನ್ನೆ, ಗಂಡಿಗೆ ಚೌಕ.

"ಸತ್ತೋರ್ನ ಯಾಕವ್ವ ಬರ್ಕೊಂತೀಯ?" ಎಂದಳು ಅಜ್ಜಿ.

"ಅವರೂ ಮನೆ ಮಕ್ಕಳೇ ಅಲ್ವಾ ಅಜ್ಜಿ? ಯಾರ ತಪ್ಪೂ ಅಲ್ಲ, ಹೇಳಿ." ಮಾತುಮಾತಿಗೂ ಹಾಗೆನ್ನುತ್ತಿದ್ದರು.

"ನಂಗೊಂದು ಗಂಡು ಮಗ ಇತ್ತು ಕಣಮ್ಮ. ನಡೆಯೋದು ಕಲ್ತು ಮರ್ತ್ಬುಡ್ತು."

ಆಕೆ ಚೌಕ ಎಳೆದು, ಪೆನ್ನು ಕೆಳಗಿಟ್ಟು, ಅಜ್ಜಿಯ ಕೈ ಹಿಡಿದುಕೊಂಡರು.

ಈಗ ಅದೇ ಅಜ್ಜಿಯ ಮಗಳು, ನನ್ನ ಚಿಕ್ಕಮ್ಮ, ತನ್ನ ಮಗಳನ್ನು ತನ್ನ ಒಡಹುಟ್ಟಿದ ತಮ್ಮನಿಗೇ ಮದುವೆ ಮಾಡಿಕೊಡುತ್ತಿದ್ದಾಳೆ. "ಯಾರ ತಪ್ಪೂ ಅಲ್ಲ ಚಿಕ್ಕಮ್ಮ. ಮದುವೆಗೆ ಮುಂಚೆ ಈ ಕಾಯಿಲೆಗೆ ಇಬ್ಬರದೂ ರಕ್ತ ಪರೀಕ್ಷೆ ಮಾಡಿಸೋಣ್ವಾ?" ಎಂದು ಕೇಳಿದ್ದೇನೆ.