ಓಜೆಲ್ಲಾ ಕಟ್ಟಿದ ಕಮಾನು

ಓಜೆಲ್ಲಾ ಪೆಟಿಸ್ ಇಸ್ತ್ರಿ ಮೇಜಿನ ಒಂದು ತುದಿಯಲ್ಲಿ ಶರ್ಟು, ಇನ್ನೊಂದು ತುದಿಯಲ್ಲಿ ಸ್ವರದ ಹಾಳೆ ಇಟ್ಟುಕೊಂಡೇ ಹನ್ನೆರಡು ವರ್ಷ ಕಳೆದವಳು. ಗಂಡ ಲೂಷಸ್‌ನದು ಸೇಂಟ್ ಲೂಯಿಸ್‌ನಲ್ಲಿ ಹದಿನಾರು ಜನರ ಜಾಝ್ ಬ್ಯಾಂಡು. ಅದಕ್ಕೆ ಸಂಗೀತ ಕಟ್ಟಿ, ಪ್ರತಿ ವಾದ್ಯಕ್ಕೂ ಬೇರೆ ಹಾಳೆ ಬರೆಯುವವಳು ಇವಳು. ಹದಿನಾರು ಬಿಳಿ ಶರ್ಟು ಒಗೆದು, ಗಂಜಿ ಹಾಕಿ, ಅದಲುಬದಲಾಗದಿರಲೆಂದು ಕಾಲರಿನೊಳಗೆ ಅಳಿಸದ ಶಾಯಿಯಲ್ಲಿ ಒಬ್ಬೊಬ್ಬರ ಹೆಸರು ಬರೆಯುವವಳೂ ಇವಳೇ. ಹಾಳೆಗಳ ಬಲ ಮೂಲೆಯಲ್ಲಿ ಮಾತ್ರ, ರಚಿಸಿದವರ ಜಾಗದಲ್ಲಿ, ಲೂಷಸ್‌ನ ಹೆಸರಿರುತ್ತಿತ್ತು.

ಈ ಸಲ ಹಾಗಾಗಬಾರದೆಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ಎರಡು ವರ್ಷದಿಂದ ನದಿ ದಂಡೆಯಲ್ಲಿ ಬೆಳೆಯುತ್ತಿದ್ದ ದೊಡ್ಡ ಕಮಾನಿನ ಉಕ್ಕಿನ ಕಾಲುಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ನೋಡಿ ಕಟ್ಟಿದ ಸಂಗೀತವಿದು. ಒಂದು ಕಡೆಯಿಂದ ಸ್ಯಾಕ್ಸೋಫೋನುಗಳು, ಇನ್ನೊಂದು ಕಡೆಯಿಂದ ಟ್ರಂಪೆಟ್ಟುಗಳು ಏರುತ್ತಾ ಬಂದು ನೆತ್ತಿಯಲ್ಲಿ ಕೂಡಬೇಕು. ಕೂಡುವ ಆ ನಾಲ್ಕು ಆವರ್ತಗಳೇ ಇನ್ನೂ ಕೈಗೆ ಹತ್ತಿರಲಿಲ್ಲ. ಶನಿವಾರ ಕಚೇರಿ; ಇವತ್ತು ಗುರುವಾರ.

"ಮುಗೀತೇನೇ?" ಲೂಷಸ್ ಅಡುಗೆಮನೆಗೆ ಇಣುಕಿದ. "ಶರ್ಟು ಎಷ್ಟಾಯ್ತು?"

"ಐದು. ಸ್ವರ ಬೇಕೋ, ಶರ್ಟು ಬೇಕೋ? ಒಂದು ಹೇಳು."

"ಎರಡೂ ಬೇಕಲ್ಲಾ!"

"ನನಗಿರೋದು ಎರಡೇ ಕೈ ಕಣೋ. ನಿಮ್ಮ ಬ್ಯಾಂಡಲ್ಲಿ ಮೂವತ್ತೆರಡಿವೆ."

ಮೇಜಿನ ಬಳಿ ಮೂರನೇ ತುಂಡು ಜೋಳದ ರೊಟ್ಟಿ ಮುರಿಯುತ್ತಿದ್ದ ಡ್ರಮ್ಮಿನ ಹೋಬರ್ಟ್ ಕಿಸಕ್ಕೆಂದ. "ಓಜೆಲ್ಲಕ್ಕ, ಒಳ್ಳೇ ಏಟು ಕೊಟ್ಟೆ!"

"ನಗಬೇಡ. ಉಳಿದ ಹನ್ನೊಂದು ನಿಮ್ಮಿಬ್ಬರಿಗೆ. ಒಲೆ ಮೇಲೆ ಬೀನ್ಸ್ ಕಾಳು ಬೇಯ್ತಿದೆ, ತಳ ಹಿಡಿಸಿದಿರೋ, ಅದನ್ನೇ ತಿನ್ನಿಸ್ತೀನಿ."

ಇಸ್ತ್ರಿಪೆಟ್ಟಿಗೆಯನ್ನು ಗಂಡನ ಕೈಗಿಟ್ಟು ಅವಳು ಬಸ್ಸು ಹತ್ತಿದಳು.

ನದಿ ದಂಡೆಯಲ್ಲಿ ಊರಿಗೆ ಊರೇ ಕತ್ತೆತ್ತಿ ನಿಂತಿತ್ತು. ಕಮಾನಿನ ಕೊನೆಯ ತುಂಡು ಕೂರಿಸುವ ದಿನ. ಬಿಸಿಲಿಗೆ ದಕ್ಷಿಣದ ಕಾಲು ಹಿಗ್ಗಿತ್ತು. ಅದು ತಣಿದು ಕುಗ್ಗಿ ಕೊನೆಯ ತುಂಡಿಗೆ ಜಾಗವಾಗಲೆಂದು ಅಗ್ನಿಶಾಮಕದವರು ನೀರು ಹಾರಿಸುತ್ತಲೇ ಇದ್ದರು. ಓಜೆಲ್ಲಾ ತಟ್ಟನೆ ನಕ್ಕಳು. ಇಷ್ಟು ದಿನ ಅವಳು ಎರಡೂ ಕಡೆಯನ್ನು ಅಬ್ಬರಿಸಿ ಕೂಡಿಸಲು ಹೆಣಗಿದ್ದಳು. ಟ್ರಂಪೆಟ್ಟುಗಳನ್ನು ಮೊದಲು ತಣ್ಣಗಾಗಿಸಬೇಕು! ಅವುಗಳ ಬಾಯಿಗೆ ದನಿ ತಗ್ಗಿಸುವ ಮುಚ್ಚಳ ಹಾಕಿಸಿದರೆ ಸ್ಯಾಕ್ಸೋಫೋನುಗಳಿಗೆ ಜಾಗ ತಾನಾಗಿ ಸಿಗುತ್ತದೆ. ವಾಪಸು ಬರುವ ಬಸ್ಸಿನಲ್ಲೇ, ಲಕೋಟೆಯ ಹಿಂಬದಿಯಲ್ಲಿ, ನಾಲ್ಕು ಆವರ್ತಗಳೂ ಮುಗಿದವು.

ಶನಿವಾರ ವೇದಿಕೆಯಲ್ಲಿ ಹಾಳೆ ಹಂಚುತ್ತಿದ್ದ ಲೂಷಸ್ ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಹದಿನಾರನ್ನೂ ತಿರುವಿದ. ಬಲ ಮೂಲೆಯಲ್ಲೆಲ್ಲ ಓಜೆಲ್ಲಾ ಪೆಟಿಸ್. ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಶರ್ಟಿಗೆ ಬರೆಯುವ ಶಾಯಿ ಅದು.

"ನನ್ನ ಹೆಸರೆಲ್ಲೇ?"

"ಎಲ್ಲೂ ಹೋಗಿಲ್ಲ. ಕಾಲರಿನೊಳಗೇ ಇದೆ, ನೋಡ್ಕೋ."

ಹೋಬರ್ಟ್ ಡ್ರಮ್ಮಿಗೊಂದು ಏಟು ಹಾಕಿದ. ಬ್ಯಾಂಡಿಗೆ ಬ್ಯಾಂಡೇ ನಕ್ಕಿತು. ಲೂಷಸ್‌ನ ಕೈ ತನಗರಿಯದೆ ಕತ್ತಿನ ಹಿಂದಕ್ಕೆ ಹೋಯಿತು. ಆಮೇಲೆ ಮೈಕಿನ ಮುಂದೆ ನಿಂತು, ಹಾಳೆಯಲ್ಲಿದ್ದುದನ್ನು ಇದ್ದಂತೆಯೇ ಓದಿದ: "ಕಮಾನು. ರಚನೆ, ಓಜೆಲ್ಲಾ ಪೆಟಿಸ್."

ಅವಳು ಮೊದಲ ಸಾಲಿನಲ್ಲಿ ಕೂತಿದ್ದಳು, ಮಡಿಲಲ್ಲಿ ಶರ್ಟಾಗಲಿ ಹಾಳೆಯಾಗಲಿ ಇಲ್ಲದೆ, ಕೈ ಖಾಲಿ. ಬ್ಯಾಂಡಿನತ್ತ ತಿರುಗಿ ನಿಂತ ಗಂಡನ ಬೆನ್ನ ಮೇಲೆ, ಅವನೇ ಇಸ್ತ್ರಿ ಮಾಡುವಾಗ ಶರ್ಟು ಸುಟ್ಟು ಮೂಡಿದ ಕಂದು ಗುರುತು ಸಭೆಗೆಲ್ಲ ಕಾಣುತ್ತಿತ್ತು. ಸ್ಯಾಕ್ಸೋಫೋನುಗಳು ಏರತೊಡಗಿದವು.