ಅಮ್ಮನ ನಾಲ್ಕೂರಿನ ಡಾಕ್ಟರುಗಳು

ನನ್ನ ಅಮ್ಮನದೊಂದು ಪದ್ಧತಿ. ನೆಂಟರ ಮನೆಗೆಂದು ಯಾವ ಊರಿಗೆ ಹೋದರೂ ಅಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿಕೊಂಡೇ ಬರುವುದು. ಬಾಗೂರಿನಲ್ಲಿರುವ ಅವಳಿಗೆ ಖಾಯಂ ಡಾಕ್ಟರು ಚನ್ನರಾಯಪಟ್ಟಣದವರು. ಆದರೆ ಹಾಸನದಲ್ಲಿ ತಂಗಿ, ಹೊಳೆನರಸೀಪುರದಲ್ಲಿ ಬೀಗರು, ಅರಕಲಗೂಡಿನಲ್ಲಿ ನಾದಿನಿ. ನೆಂಟಸ್ತನ ಎಲ್ಲೆಲ್ಲಿ ಹಬ್ಬಿತ್ತೋ ಅಲ್ಲೆಲ್ಲ ಅವಳ ಕಾಯಿಲೆಯೂ ಹಬ್ಬಿತ್ತು. ಪ್ರತಿಯೊಬ್ಬ ಡಾಕ್ಟರ ಎದುರೂ ಕೂತು, ನಿಮ್ಮನ್ನು ಬಿಟ್ಟು ಬೇರೆ ಯಾರ ಹತ್ತಿರವೂ ಹೋದವಳಲ್ಲ ಎನ್ನುವಳು. ಅದು ಅವಳಿಗೆ ಸುಳ್ಳು ಅನಿಸುತ್ತಿರಲಿಲ್ಲ, ಮರ್ಯಾದೆ ಅನಿಸುತ್ತಿತ್ತು.

ಈಚೆಗೆ ಅವಳಿಗೆ ತಲೆಸುತ್ತು ಶುರುವಾಯಿತು. ಬಸ್ಸು ಹತ್ತುವಾಗ ಒಮ್ಮೆ ಬಿದ್ದೂ ಬಿಟ್ಟಳು. ಇನ್ನು ಒಬ್ಬಳೇ ಎಲ್ಲಿಗೂ ಹೋಗಕೂಡದೆಂದು ಅಣ್ಣ ಕಟ್ಟಪ್ಪಣೆ ಮಾಡಿದ. ಕಿಟಕಿ ಸೀಟು ಹಿಡಿದು ಊರೂರು ಸುತ್ತುವ ನಮ್ಮಮ್ಮ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಳು. ನನಗದನ್ನು ನೋಡಲಾಗುತ್ತಿರಲಿಲ್ಲ.

ನನ್ನ ಕೆಲಸ ಹಾಸನದಲ್ಲಿ. ಈ ನಾಲ್ಕೂ ಊರಿನ ಕೆಲವು ಕ್ಲಿನಿಕ್ಕುಗಳನ್ನು ಸೇರಿಸಿ, ರೋಗಿಗಳ ದಾಖಲೆಗೆ ಬ್ಲಾಕ್‌ಚೈನ್ ಬಳಸುವ ಪ್ರಯೋಗ ನಮ್ಮದು. ಒಂದು ಕಡೆ ಬರೆದದ್ದರ ಗುರುತು ಎಲ್ಲ ಕಡೆಯೂ ಉಳಿಯುತ್ತದೆ. ಒಬ್ಬರು ಗುಟ್ಟಾಗಿ ತಿದ್ದಿದರೆ ಮಿಕ್ಕವರಿಗೆ ಗೊತ್ತಾಗುತ್ತದೆ. ರೋಗಿ ಫೋನಿನಲ್ಲಿ ಒಪ್ಪಿಗೆ ಒತ್ತದೆ ಯಾರೂ ತೆರೆದು ನೋಡುವಂತಿಲ್ಲ. ಅಮ್ಮನನ್ನೂ ಅದಕ್ಕೆ ಸೇರಿಸಿದ್ದೆ. ನಾಲ್ಕೂ ಊರಿನ ಔಷಧಿ ಚೀಟಿಗಳು ಫೋನಿನಲ್ಲಿ ಸಾಲಾಗಿ ಬಂದಾಗ ಅವಳು ಹೌಹಾರಿದಳು.

“ಅದೊಂದ್ ಆಸನದ್ದು ಅಳಿಸ್ಬುಡು ಕಣವ್ವ. ಪಟ್ಣದ್ ಡಾಕ್ಟ್ರ ಮುಖ ಎಂಗ್ ನೋಡ್ಲಿ?”

ಹಾಸನದ ಚೀಟಿಯೊಂದನ್ನೇ ಅಳಿಸಲು ಬರುವುದಿಲ್ಲ ಎಂದೆ. ಇಷ್ಟು ಓದಿ, ಒಂದು ಗೆರೆ ಅಳಿಸಲಾಗದ್ದನ್ನು ಮಾಡಿಟ್ಟಿದ್ದೀಯಲ್ಲ ಎಂದು ಬೈದಳು. ಒಪ್ಪಿಗೆ ಒತ್ತುವುದೇ ಇಲ್ಲವೆಂದು ಹಟ ಹಿಡಿದಳು. ನಾನೂ ಅವಳ ಮಗಳೇ. ಒತ್ತದಿದ್ದರೆ ತಲೆಸುತ್ತಿನ ಕಾರಣ ತಿಳಿಯದು, ಬಸ್ಸೂ ಇಲ್ಲ ಎಂದೆ. ಕೊನೆಗೆ ಚನ್ನರಾಯಪಟ್ಟಣದ ಕ್ಲಿನಿಕ್ಕಿನಲ್ಲಿ ಕಣ್ಣು ಮುಚ್ಚಿಕೊಂಡು ಒತ್ತಿದಳು.

ಡಾಕ್ಟರು ಎಲ್ಲವನ್ನೂ ನಿಧಾನವಾಗಿ ಓದಿದರು. ಅಮ್ಮ ಸೆರಗಿನ ತುದಿ ಸುತ್ತುತ್ತ ನೆಲ ನೋಡುತ್ತಿದ್ದಳು. ಬಿ.ಪಿ.ಗೆ ಅವರು ಕೊಟ್ಟಿದ್ದ ಮಾತ್ರೆಯನ್ನೇ ಹಾಸನದವರೂ ಬೇರೆ ಕಂಪನಿಯ ಹೆಸರಿನಲ್ಲಿ ಬರೆದಿದ್ದರು. ಅಮ್ಮ ಯಾರಿಗೂ ಅನ್ಯಾಯವಾಗದ ಹಾಗೆ ಎರಡನ್ನೂ ತಪ್ಪದೆ ನುಂಗುತ್ತಿದ್ದಳು. ಬಿ.ಪಿ. ನೋಡಿದರೆ ತೀರಾ ಇಳಿದಿತ್ತು. ತಲೆಸುತ್ತು ಇದರಿಂದಲೇ, ಒಂದನ್ನು ನಿಲ್ಲಿಸಿ ಎಂದರು ಡಾಕ್ಟರು. ನನಗೆ ಹೋದ ಜೀವ ಬಂದಂತಾಯಿತು. ಅಮ್ಮನಿಗೆ ಮಾತ್ರ ಅದೊಂದೂ ಕಿವಿಗೆ ಬಿದ್ದಿರಲಿಲ್ಲ.

“ತಪ್ಪಾಯ್ತು ಸಾ, ನಿಮ್ಗೆ ಏಳ್ದೆ ಆಸನಕ್ ಓಗಿದ್ದೆ,” ಎಂದಳು.

ಡಾಕ್ಟರು ನಕ್ಕರು. “ಒಳ್ಳೇ ಡಾಕ್ಟ್ರು ಕಣಮ್ಮ. ನನ್ನ ಬಿ.ಪಿ. ನಾನೂ ಅವ್ರ ಹತ್ರಾನೇ ತೋರ್ಸೋದು.”

ಅಮ್ಮ ತಲೆಯೆತ್ತಿ ಅವರನ್ನು ನೋಡಿದಳು. ಆಮೇಲೆ ಇಬ್ಬರೂ ಹಾಸನದ ಡಾಕ್ಟರ ಗುಣಗಾನಕ್ಕೆ ಕೂತರು. ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿಯಬೇಕಾಯಿತು.

ತಲೆಸುತ್ತು ನಿಂತ ಮೇಲೆ ಅಣ್ಣ ಅಪ್ಪಣೆ ವಾಪಸು ತೆಗೆದುಕೊಂಡ. ಮೊನ್ನೆ ಆಫೀಸಿನಲ್ಲಿದ್ದಾಗ ಅಮ್ಮನ ಫೋನು ಬಂತು, ಹಿಂದೆ ಬಸ್ಸಿನ ಹಾರನ್ ಸದ್ದು. ಅರಕಲಗೂಡಿಗೆ ಹೊರಟಿದ್ದಳು, ಒಬ್ಬಳೇ. ಅಲ್ಲಿನ ಡಾಕ್ಟರಿಗೂ ತೋರಿಸುತ್ತೀಯಾ ಎಂದು ಕೇಳಿದೆ.

“ತೋರ್ಸೋದಿನ್ನೇನು? ಫೋನಲ್ ಒತ್ತುದ್ರೆ ಎಲ್ಲ ಅವ್ರಿಗೇ ಗೊತ್ತಾಯ್ತದಲ್ಲ. ಸುಮ್ನೆ ಮಾತಾಡ್ಸ್ಕಂಡ್ ಬತ್ತೀನಿ.”