ರೋಬೋಟ್ ಓದಿದ ಬಿನ್ನವತ್ತಳೆ

ಆ ಧಾರಾವಾಹಿಯಲ್ಲಿ ನಾನು ರೋಬೋಟ್ ಆಗಿದ್ದೆ. ಹವ್ಯಾಸಿ ನಾಟಕಗಳಲ್ಲಿ ಮೂವತ್ತು ವರ್ಷ ಗಂಟಲು ಹರಿದುಕೊಂಡವನಿಗೆ ಟಿವಿಯವರು ಕೊಟ್ಟ ಪಾತ್ರ ಅದು. ಮುಖ ಕಾಣುವುದಿಲ್ಲ, ಮೈತುಂಬ ಫೈಬರ್ ಕವಚ, ತಿರುಪುಗಳೆಲ್ಲ ಬೆನ್ನ ಹಿಂದೆ. ಬಿಚ್ಚಬೇಕಾದರೆ ಇನ್ನೊಬ್ಬರು ಬೇಕು. ನಾಯಕ ಮಾತ್ರ ವಾರಕ್ಕೊಂದು ಗ್ರಹವನ್ನು ಕಾಪಾಡುತ್ತಿದ್ದ, ತಲೆಗೂದಲು ಕೆದರದಂತೆ.

ನಮ್ಮ ಅಂತರಿಕ್ಷ ನೌಕೆ ಇದ್ದದ್ದು ಓಕಳಿಪುರಂನ ಒಂದು ಹಳೇ ಗೋದಾಮಿನಲ್ಲಿ. ಪ್ಲೈವುಡ್ಡು, ಥರ್ಮಾಕೋಲಿನ ನೌಕೆ. ಒಂದು ಮಧ್ಯಾಹ್ನ ವೈರು ಸುಟ್ಟು ಅದಕ್ಕೆ ಬೆಂಕಿ ಹತ್ತಿಕೊಂಡಿತು. ಎಲ್ಲರಿಗಿಂತ ಮೊದಲು ಬಾಗಿಲು ದಾಟಿದವನು ನಾಯಕ. ಕವಚದೊಳಗಿಂದ ನಾನು ಕೂಗಿದ್ದು ನನಗಷ್ಟೇ ಕೇಳಿಸುತ್ತಿತ್ತು. ಐವತ್ತರ ಆಸುಪಾಸಿನ ಲೈಟ್‌ಮನ್ ಒಬ್ಬ ಒಳಗೆ ನುಗ್ಗಿ, ನನ್ನನ್ನು ದರದರ ಎಳೆದು ತಂದು, ಕಾದ ಕವಚವನ್ನು ಬರಿಗೈಯಲ್ಲೇ ಸೀಳಿದ. ಅವನ ಎರಡೂ ಅಂಗೈ ಸುಟ್ಟುಹೋದವು. ಹೊರಗೆ ನನ್ನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡವನು ನಾಯಕ. ಸಂಜೆಯೊಳಗೆ ಊರಿಗೆಲ್ಲ ಅದೇ ಸುದ್ದಿ, ನಿಜಜೀವನದಲ್ಲೂ ಹೀರೋ ಅಂತ.

ನವೆಂಬರ್ ಬಂತು. ನಮ್ಮಲ್ಲಿ ರಾಜ್ಯೋತ್ಸವ ತಿಂಗಳಿಡೀ ನಡೆಯುತ್ತದೆ. ಯಾರಿಗಾದರೂ ಪೇಟ ತೊಡಿಸದಿದ್ದರೆ ಸಂಘದವರಿಗೆ ತಿಂದದ್ದು ಅರಗುವುದಿಲ್ಲ. ಮಲ್ಲೇಶ್ವರಂನ ಕ್ರಾಸೊಂದರಲ್ಲಿ ನಾಯಕನಿಗೆ ಸನ್ಮಾನ ಗೊತ್ತಾಯಿತು. ಬಿನ್ನವತ್ತಳೆ ಬರೆದು ವೇದಿಕೆಯ ಮೇಲೆ ಓದುವ ಕೆಲಸ ನನ್ನ ತಲೆಗೇ ಕಟ್ಟಿದರು. ಬದುಕಿ ಉಳಿದವನೇ ಓದಿದರೆ ಕಳೆ ಬರುತ್ತದಂತೆ.

ಇದು ತಿಳಿದು ಲೈಟ್‌ಮನ್ ಮನೆಗೆ ಬಂದ. ಕಾಫಿ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಕುಡಿದ.

“ಸಾರ್, ಅದ್ರಲ್ಲಿ ನನ್ ಹೆಸ್ರು ಒಂದ್ಸಲ ಹೇಳ್ಬಿಡಿ. ನನ್ನಿಂದಾನೇ ಬೆಂಕಿ ಆಯ್ತು ಅಂತ ಎಲ್ಲಾ ಕಡೆ ಮಾತಾಡ್ತಿದಾರೆ. ಕೈ ವಾಸಿ ಆದ್ರೂ ಯಾರೂ ಕೆಲ್ಸಕ್ಕೆ ಕರಿಯಲ್ಲ. ನೀವು ಹೇಳಿದ್ರೆ ನಂಬ್ತಾರೆ.”

ಖಂಡಿತ ಎಂದೆ. ಬರೆದೆ ಕೂಡ. ನಿರ್ಮಾಪಕರು ಓದಿ ನೋಡಿ ನಕ್ಕರು.

“ಈ ಸಾಲು ಬೇಡ ಬಿಡಿ ಸ್ವಾಮಿ. ಮುಂದಿನ ಸೀಸನ್‌ನಲ್ಲಿ ರೋಬೋಟ್‌ಗೆ ಮುಖ ಬರತ್ತೆ. ಅದು ನಿಮ್ದೇ ಆಗ್ಲಿ ಅಂತಿದೀನಿ.”

ಭಾನುವಾರ ಬೆಳಿಗ್ಗೆ ಓದಿದೆ. ಆಪದ್ಬಾಂಧವರೇ, ಧೀರಾಗ್ರಣಿಗಳೇ ಎಂದು ಒಂದು ಒತ್ತಕ್ಷರವನ್ನೂ ನುಂಗದೆ ಓದಿದೆ. ಆ ಸಾಲೊಂದನ್ನು ಬಿಟ್ಟೆ. ಎದುರಿಗೆ ಲೈಟ್‌ಮನ್ ಹೆಂಡತಿಯ ಜೊತೆ ಕೂತಿದ್ದ. ಆಕೆ ರೇಷ್ಮೆ ಸೀರೆ ಉಟ್ಟು ಬಂದಿದ್ದರು, ಫೋನೆತ್ತಿ ನಾನು ಓದುವುದನ್ನು ಕೊನೆಯವರೆಗೂ ರೆಕಾರ್ಡ್ ಮಾಡಿಕೊಂಡರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಧ್ವನಿ ನಡುಗಲಿಲ್ಲ, ಅಷ್ಟು ಪಳಗಿದ ಗಂಟಲು.

ಉಪ್ಪಿಟ್ಟಿನ ಸಾಲಿನಲ್ಲಿ ಆಕೆ ನನ್ನ ಹತ್ತಿರ ಬಂದರು.

“ಇವ್ರ ಹೆಸ್ರು ಎಲ್ಲಿ ಬರತ್ತೆ ಸಾರ್? ಚಪ್ಪಾಳೇಲಿ ನಂಗೆ ಗೊತ್ತಾಗ್ಲಿಲ್ಲ. ಅಷ್ಟು ಮಾತ್ರ ಕಟ್ ಮಾಡಿ ನಮ್ಮೋರಿಗೆಲ್ಲ ಕಳಿಸ್ಬೇಕು.”

ನಾನು ಬಾಯಿ ತೆರೆಯುವ ಮೊದಲೇ ಅವನು ಮುಂದೆ ಬಂದ.

“ಬಂತು ಕಣೇ, ನಾನ್ ಕೇಳಿಸ್ಕೊಂಡೆ. ಸಾರ್‌ಗೆ ತೊಂದ್ರೆ ಕೊಡ್ಬೇಡ, ಬಾ.”

ನಾನು ಹೌದೆಂದು ತಲೆಯಾಡಿಸಿದೆ.